ನೆಟ್ ಇದೆ, ಸರ್ವಿಸ್ ಮಾತ್ರ ಇಲ್ಲ: ಸಂಪರ್ಕ ಎಲ್ಲಿ ಕಡಿದಿದೆ ಎಂದು ಪತ್ತೆ ಹಚ್ಚುವ ಬಗೆ

ವೈಫೈ ಗುರುತು ತುಂಬಿದೆ, ಮೆಸೇಜುಗಳು ಬರುತ್ತಿವೆ, ಬೇಕಾದ ಆ ಒಂದು ಆ್ಯಪ್ ಮಾತ್ರ ತಿರುಗುತ್ತಲೇ ಇದೆ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ರೂಟರಿನ ಸ್ವಿಚ್ಚಿಗೆ. ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಸರಿಹೋಗುವುದೂ ಉಂಟು. ಆದರೆ ಏನು ಕೆಟ್ಟಿತ್ತು ಎಂಬ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಮರುದಿನ ಅದೇ ತೊಂದರೆ ಮತ್ತೆ ಹಾಜರು. ರೀಸ್ಟಾರ್ಟ್ ಮಾಡುವ ಮುಂಚೆ ಎರರ್ ಮೆಸೇಜನ್ನು ಪೂರ್ತಿ ಓದಿ, ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಲೇಸು. ಸಂಪರ್ಕ ಯಾವ ಹಂತದವರೆಗೆ ಹೋಗಿ ನಿಂತಿತು ಎನ್ನುವುದನ್ನು ಹೆಚ್ಚಿನ ಸಲ ಆ ಒಂದು ಸಾಲೇ ಹೇಳಿಬಿಡುತ್ತದೆ.

ಸರ್ವಿಸ್‌ಗೆ ಕನೆಕ್ಟ್ ಆಗುವುದು ಹೊರಗಿನಿಂದ ಒಂದೇ ಕೆಲಸದಂತೆ ಕಂಡರೂ ಒಳಗೆ ಒಂದರ ಹಿಂದೊಂದು ಆರೇಳು ಕೆಲಸ ನಡೆಯುತ್ತವೆ. ಕಂಪ್ಯೂಟರ್ ರೂಟರನ್ನು ತಲುಪಬೇಕು, ಅದಕ್ಕೊಂದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಗಬೇಕು, ಸರ್ವಿಸ್‌ನ ಹೆಸರಿಗೆ ತಕ್ಕ ಐಪಿ ವಿಳಾಸ ಡಿಎನ್‌ಎಸ್ ಎಂಬ ಹೆಸರು-ವಿಳಾಸದ ಪಟ್ಟಿಯಿಂದ ಬರಬೇಕು, ಆ ವಿಳಾಸಕ್ಕೆ ದಾರಿ ಇರಬೇಕು, ಅಲ್ಲಿ ಪೋರ್ಟ್ (ಆ ಸರ್ವಿಸ್‌ನ ಸಂಖ್ಯೆಯುಳ್ಳ ಬಾಗಿಲು) ತೆರೆದಿರಬೇಕು, ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಗುಪ್ತ ಸಂಪರ್ಕಕ್ಕೆ ಎರಡೂ ಕಡೆಯ ಒಪ್ಪಂದ) ಮುಗಿಯಬೇಕು, ಕೊನೆಗೆ ಸರ್ವಿಸ್ ನಿಮ್ಮ ಲಾಗಿನ್ ಒಪ್ಪಬೇಕು. ಯಾವ ಹಂತದಲ್ಲಿ ಕಡಿದರೂ ಬಳಸುವವರ ಬಾಯಲ್ಲಿ ಬರುವುದು ‘ನೆಟ್ ಬರ್ತಿಲ್ಲ’ ಎಂಬ ಒಂದೇ ಮಾತು. ಯಾವ ಹಂತ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಜಾಗ ಕಿರಿದು ಮಾಡಿ

ಯಾವ ಕಮಾಂಡ್ ಹೊಡೆಯುವ ಮುಂಚೆಯೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದೇ ಸರ್ವಿಸ್ ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆಯೇ? ತೆರೆದರೆ ಸರ್ವಿಸ್ ಜೀವಂತವಾಗಿದೆ, ತೊಂದರೆ ನಿಮ್ಮ ನೆಟ್‌ವರ್ಕಿನಲ್ಲೋ ಕಂಪ್ಯೂಟರಿನಲ್ಲೋ ಇದೆ. ಅದೇ ವೈಫೈಯಲ್ಲಿ ಬೇರೆ ಡಿವೈಸಿಗೆ ಸಿಗುತ್ತದೆಯೇ? ಸಿಕ್ಕರೆ ರೂಟರಿನ ಮೇಲಿನ ಅನುಮಾನ ಬಹುಮಟ್ಟಿಗೆ ಬಿಡಬಹುದು. ಅದೇ ಕಂಪ್ಯೂಟರಿನಲ್ಲಿ ಬ್ರೌಸರಿಗೆ ಸಿಕ್ಕಿ ಬೇರೊಂದು ಪ್ರೋಗ್ರಾಮಿಗೆ ಮಾತ್ರ ಸಿಗುತ್ತಿಲ್ಲವೇ? ಹಾಗಿದ್ದರೆ ಪ್ರಾಕ್ಸಿ (ನಡುವೆ ನಿಂತು ಸಂಪರ್ಕ ದಾಟಿಸುವ ಸರ್ವರ್), ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು), ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) ಈ ಮೂರರ ಕಡೆ ನೋಡಿ.

ಇದಾದ ಮೇಲೆ ಕೆಳಗಿನಿಂದ ಹತ್ತುತ್ತಾ ಹೋಗಬಹುದು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್, ಲಿನಕ್ಸ್‌ನಲ್ಲಿ ‘ಐಪಿ ಅಡ್ರೆಸ್’ ಕಮಾಂಡ್ ಕೊಟ್ಟರೆ ನಿಮ್ಮ ಐಪಿ ಕಾಣುತ್ತದೆ. ವಿಂಡೋಸ್ 169.254ರಿಂದ ಶುರುವಾಗುವ ವಿಳಾಸ ತೋರಿಸಿದರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ಅಂಥ ಕಡೆ ಡಿಎನ್‌ಎಸ್ ಬದಲಿಸಿ ಫಲವಿಲ್ಲ. ಕೇಬಲ್, ವೈಫೈ ಪಾಸ್‌ವರ್ಡ್, ರೂಟರಿನ ಡಿಎಚ್‌ಸಿಪಿ ಇವನ್ನೇ ನೋಡಬೇಕು. ವಿಳಾಸ ಸರಿ ಇದ್ದರೆ ಡೀಫಾಲ್ಟ್ ಗೇಟ್‌ವೇಗೆ, ಅಂದರೆ ನಿಮ್ಮ ರೂಟರಿಗೆ, ಪಿಂಗ್ ಮಾಡಿ; ಪಿಂಗ್ ಎಂದರೆ ಚಿಕ್ಕ ಪ್ಯಾಕೆಟ್ (ಡೇಟಾದ ತುಣುಕು) ಕಳಿಸಿ ಉತ್ತರ ಕೇಳುವ ಕಮಾಂಡ್. ಗೇಟ್‌ವೇ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ರೂಟರಿನ ಪಕ್ಕದಲ್ಲೇ ಕೂತಿದ್ದಾಗ ಇದು ಒಂದೆರಡು ಮಿಲಿಸೆಕೆಂಡಿನಲ್ಲಿ, ಹೆಚ್ಚೆಂದರೆ ಹತ್ತರೊಳಗೆ ಉತ್ತರ ಕೊಡಬೇಕು. ಒಮ್ಮೆ 3, ಒಮ್ಮೆ 400, ನಡುನಡುವೆ ಉತ್ತರವೇ ಇಲ್ಲ ಎಂದಾದರೆ ತೊಂದರೆ ಗಾಳಿಯಲ್ಲಿದೆ, ಅಂದರೆ ವೈಫೈಯಲ್ಲಿ. ಕೇಬಲ್ ಹಾಕಿ ಮತ್ತೆ ಅಳೆದರೆ ಇದು ಖಚಿತವಾಗುತ್ತದೆ.

ಗೇಟ್‌ವೇ ಉತ್ತರಿಸಿದರೆ ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಸರ್ವರುಗಳಾದ 1.1.1.1 ಅಥವಾ 8.8.8.8ಕ್ಕೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್ ಕೆಟ್ಟಿದೆ. ಇಲ್ಲಿ ಒಂದು ಎಚ್ಚರ ಬೇಕು: ಪಿಂಗ್‌ಗೆ ಉತ್ತರ ಬರಲಿಲ್ಲವೆಂದು ಸರ್ವರ್ ಸತ್ತಿದೆ ಎನ್ನುವಂತಿಲ್ಲ. ಎಷ್ಟೋ ಸರ್ವರುಗಳು ಪಿಂಗ್ ಬಳಸುವ ಐಸಿಎಂಪಿ ಸಂದೇಶಗಳಿಗೆ ಉತ್ತರ ಕೊಡದಂತೆ ಇಟ್ಟಿರುತ್ತಾರೆ; ವೆಬ್‌ಸೈಟ್ ಚೆನ್ನಾಗಿ ತೆರೆಯುತ್ತಿದ್ದರೂ ಪಿಂಗ್ ಸೋಲುತ್ತದೆ. ದಾರಿಯ ಒಂದೊಂದು ರೂಟರನ್ನೂ ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಕಮಾಂಡಿನಲ್ಲಿ ನಡುವೆ ಕಾಣುವ ನಕ್ಷತ್ರದ ಗುರುತುಗಳೂ ಹಾಗೆಯೇ. ದಾರಿಯ ರೂಟರುಗಳಿಗೆ ಪ್ಯಾಕೆಟ್ ದಾಟಿಸುವುದು ಮುಖ್ಯ, ನಿಮ್ಮ ಪ್ರಶ್ನೆಗೆ ಉತ್ತರಿಸುವುದು ಬಿಡುವಾದಾಗಿನ ಕೆಲಸ. ನಾಲ್ಕನೇ ಸಾಲಿನಲ್ಲಿ 200 ಮಿಲಿಸೆಕೆಂಡ್ ತೋರಿಸಿ ಐದನೆಯದರಲ್ಲಿ 20ಕ್ಕೆ ಇಳಿದರೆ ಅಲ್ಲಿ ತೊಂದರೆ ಏನೂ ಇಲ್ಲ. ಏರಿದ ಸಂಖ್ಯೆ ಕೊನೆಯ ಸಾಲಿನವರೆಗೂ ಇಳಿಯದಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಸರು ಸಿಗದಿದ್ದಾಗ

ಬ್ರೌಸರ್ ‘ಎನ್‌ಎಕ್ಸ್‌ಡೊಮೇನ್’ ಎಂದರೆ ಆ ಹೆಸರೇ ಇಲ್ಲ ಎಂದು ಡಿಎನ್‌ಎಸ್ ಖಡಾಖಂಡಿತ ಹೇಳಿದೆ. ಮೊದಲು ಸ್ಪೆಲ್ಲಿಂಗ್ ನೋಡಿ, ಆಮೇಲೆ ಡೊಮೇನಿನ ಅವಧಿ ಮುಗಿದಿದೆಯೇ ನೋಡಿ. ‘ಸರ್ವ್‌ಫೇಲ್’ ಎಂದರೆ ಕೇಳಿದ ಕಡೆಯಿಂದ ಸರಿಯಾದ ಉತ್ತರ ತರಲಾಗಲಿಲ್ಲ ಎಂದು. ಉತ್ತರ ಅಸಲಿ ಎಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿ ತಪ್ಪಿದ್ದರೂ ಇದೇ ಬರುತ್ತದೆ. ಏನೂ ಉತ್ತರವಿಲ್ಲದೆ ಟೈಮ್ ಔಟ್ ಆದರೆ ನಿಮ್ಮ ಡಿಎನ್‌ಎಸ್ ಸರ್ವರನ್ನೇ ತಲುಪಲಾಗುತ್ತಿಲ್ಲ.

ಬೇರ್ಪಡಿಸಲು ಸುಲಭ ಉಪಾಯವಿದೆ. ಎನ್‌ಎಸ್‌ಲುಕಪ್ ಕಮಾಂಡಿಗೆ ಸರ್ವಿಸ್‌ನ ಹೆಸರು ಕೊಟ್ಟು ಒಮ್ಮೆ ಕೇಳಿ. ಅದೇ ಹೆಸರಿನ ನಂತರ 8.8.8.8 ಸೇರಿಸಿ ಇನ್ನೊಮ್ಮೆ ಕೇಳಿ. ಮೊದಲನೆಯದು ಸೋತು ಎರಡನೆಯದು ಗೆದ್ದರೆ ನಿಮ್ಮ ರೂಟರ್ ಅಥವಾ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಕೈಕೊಟ್ಟಿದೆ. ಎರಡೂ ಬೇರೆ ಬೇರೆ ವಿಳಾಸ ಕೊಟ್ಟರೆ ಗಾಬರಿ ಬೇಡ, ದೊಡ್ಡ ಸರ್ವಿಸ್‌ಗಳು ಕೇಳಿದವರ ಜಾಗ ನೋಡಿ ಹತ್ತಿರದ ಸರ್ವರ್ ಕೊಡುತ್ತವೆ. ಆದರೆ ಒಂದು ಉತ್ತರ 127.0.0.1 ಅಥವಾ 0.0.0.0 ಆಗಿದ್ದರೆ ಯಾವುದೋ ಆ್ಯಡ್‌ಬ್ಲಾಕರ್ ಅಥವಾ ಫಿಲ್ಟರ್ ನಡುವೆ ಕೂತಿದೆ.

ಸರ್ವರ್ ಈಚೆಗಷ್ಟೇ ಬದಲಾಗಿದ್ದರೆ ಹಳೆಯ ವಿಳಾಸ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿರಬಹುದು. ಪ್ರತಿ ಡಿಎನ್‌ಎಸ್ ದಾಖಲೆಗೂ ಸೆಕೆಂಡುಗಳಲ್ಲಿ ಟಿಟಿಎಲ್, ಅಂದರೆ ಅದನ್ನು ನೆನಪಿನಲ್ಲಿಡಬಹುದಾದ ಅವಧಿ, ಇರುತ್ತದೆ: 300 ಎಂದಿದ್ದರೆ ಐದು ನಿಮಿಷ, 86400 ಎಂದಿದ್ದರೆ ಒಂದು ದಿನ. ಸರ್ವರ್ ಸ್ಥಳಾಂತರಿಸುವವರು ಹಳೆಯ ಟಿಟಿಎಲ್‌ನಷ್ಟು ಹೊತ್ತು ಮುಂಚೆಯೇ ಅದನ್ನು 300ಕ್ಕೆ ಇಳಿಸಿಡಬೇಕು. ಬದಲಿಸಿದ ಮೇಲೆ ಇಳಿಸಿ ಪ್ರಯೋಜನವಿಲ್ಲ. ಬಳಸುವವರ ಕಡೆ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್‌ಗೆ ಫ್ಲಶ್‌ಡಿಎನ್‌ಎಸ್ ಸೇರಿಸಿ ಕೊಟ್ಟರೆ ಕಂಪ್ಯೂಟರಿನ ಕ್ಯಾಶ್ ಖಾಲಿಯಾಗುತ್ತದೆ, ರೂಟರಿನದ್ದಲ್ಲ. ಹೆಸರು-ವಿಳಾಸಗಳನ್ನು ಕೈಯಾರೆ ಬರೆದಿಡುವ ಹೋಸ್ಟ್ಸ್ ಫೈಲನ್ನೂ ಒಮ್ಮೆ ತೆರೆದು ನೋಡಿ. ಎಂದೋ ಟೆಸ್ಟ್ ಮಾಡಲು ಬರೆದಿಟ್ಟ ಒಂದು ಸಾಲು ಅಲ್ಲೇ ಉಳಿದು ತಿಂಗಳುಗಟ್ಟಲೆ ಬಳಿಕ ಕಾಡುವುದು ಅಪರೂಪವಲ್ಲ, ಮತ್ತು ಎನ್‌ಎಸ್‌ಲುಕಪ್ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲವಾದ್ದರಿಂದ ಅದರ ಉತ್ತರ ಸರಿಯಾಗಿಯೇ ಕಾಣುತ್ತದೆ. ಪಿಂಗ್ ತೋರಿಸುವ ವಿಳಾಸ ಮತ್ತು ಎನ್‌ಎಸ್‌ಲುಕಪ್ ತೋರಿಸುವ ವಿಳಾಸ ತಾಳೆಯಾಗದಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಇನ್ನೊಂದು ಗೊಂದಲ ಬ್ರೌಸರಿನದು: ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಚಾಲೂ ಇದ್ದರೆ ಅವು ಸಿಸ್ಟಂನ ಡಿಎನ್‌ಎಸ್ ಬಿಟ್ಟು ಎಚ್‌ಟಿಟಿಪಿಎಸ್ ಮೂಲಕ ಬೇರೆಯವರನ್ನು ಕೇಳಬಹುದು. ಆಫೀಸಿನ ಒಳಗಿನ ಸೈಟ್ ಬ್ರೌಸರಿನಲ್ಲಿ ಮಾತ್ರ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಎರರ್ ಡಿಎನ್‌ಎಸ್ ಎಂದರೂ ಬೇರು ಇನ್ನೂ ಕೆಳಗಿರಬಹುದು ಎಂಬುದು ನೆನಪಿರಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಸುಮಾರು ಆರು ತಾಸು ನಿಂತಾಗ ಜನರಿಗೆ ಕಂಡದ್ದು ಹೆಸರು ಸಿಗದ ಎರರ್. ನಿಜವಾಗಿ ಆದದ್ದೇನೆಂದರೆ, ಮೇಂಟೆನೆನ್ಸ್ ಕೆಲಸದ ಒಂದು ಕಮಾಂಡ್ ಕಂಪನಿಯ ಒಳಗಿನ ಬೆನ್ನೆಲುಬು ನೆಟ್‌ವರ್ಕನ್ನೇ ಕಡಿದುಹಾಕಿತು. ಡೇಟಾ ಸೆಂಟರನ್ನು ತಲುಪಲಾಗದ ಡಿಎನ್‌ಎಸ್ ಸರ್ವರುಗಳು ತಮ್ಮ ಬಿಜಿಪಿ ದಾರಿಗಳನ್ನು (ತಮ್ಮನ್ನು ತಲುಪುವ ಬಗೆಯನ್ನು ಬೇರೆ ನೆಟ್‌ವರ್ಕುಗಳಿಗೆ ಸಾರುವ ಪ್ರಕಟಣೆ) ತಾವೇ ಹಿಂತೆಗೆದುಕೊಂಡವು. ಡಿಎನ್‌ಎಸ್ ಸರ್ವರುಗಳು ಓಡುತ್ತಲೇ ಇದ್ದವು, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ.

ರೆಫ್ಯೂಸ್ಡ್ ಬೇರೆ, ಟೈಮ್ಡ್ ಔಟ್ ಬೇರೆ

ಈ ಎರಡನ್ನು ಒಂದೇ ಎಂದು ಓದಿಕೊಂಡು ಅರ್ಧ ದಿನ ಕಳೆಯುವವರು ಬಹಳ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ನಿಮ್ಮ ಪ್ಯಾಕೆಟ್ ಆ ಯಂತ್ರವನ್ನು ಮುಟ್ಟಿದೆ, ಅಲ್ಲಿಂದ ಆರ್‌ಎಸ್‌ಟಿ ಎಂಬ ಉತ್ತರವೂ ಬಂದಿದೆ: ಈ ಪೋರ್ಟಿನಲ್ಲಿ ಯಾರೂ ಇಲ್ಲ. ದಾರಿ ಸರಿಯಿದೆ. ಪ್ರೋಗ್ರಾಂ ನಿಂತಿದೆ, ಬೇರೆ ಪೋರ್ಟಿನಲ್ಲಿದೆ, ಅಥವಾ ಫೈರ್‌ವಾಲ್ ಕೈಯಾರೆ ತಿರಸ್ಕರಿಸುತ್ತಿದೆ. ಈ ಎರರ್ ತಕ್ಷಣ ಬರುತ್ತದೆ. ವಿಂಡೋಸ್ ಮಾತ್ರ ಇನ್ನೊಂದೆರಡು ಸಲ ಪ್ರಯತ್ನಿಸಿ ನೋಡುವುದರಿಂದ ಒಂದೆರಡು ಸೆಕೆಂಡ್ ತಡ.

‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಯಾರೂ ಏನೂ ಹೇಳಿಲ್ಲ. ಯಂತ್ರ ಆಫ್ ಆಗಿರಬಹುದು, ವಿಳಾಸ ತಪ್ಪಿರಬಹುದು. ಹೆಚ್ಚಾಗಿ ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗುತ್ತಿರುತ್ತದೆ. ವಿಂಡೋಸ್ ಇದಕ್ಕೆ ಸುಮಾರು 21 ಸೆಕೆಂಡ್ ಕಾಯುತ್ತದೆ, ಲಿನಕ್ಸ್ ಒಂದರಿಂದ ಎರಡು ನಿಮಿಷ. ಕ್ಲೌಡ್‌ನಲ್ಲಿ ಹೊಸ ಸರ್ವರ್ ಎಬ್ಬಿಸಿದಾಗ ಟೈಮ್ಡ್ ಔಟ್ ಬಂದರೆ ಸರ್ವರಿನ ಒಳಗೆ ಹುಡುಕುವ ಮೊದಲು ಸೆಕ್ಯೂರಿಟಿ ಗ್ರೂಪಿನಲ್ಲಿ (ಕ್ಲೌಡ್‌ನ ಫೈರ್‌ವಾಲ್) ಆ ಪೋರ್ಟ್ ತೆರೆದಿದ್ದೀರಾ ನೋಡಿ. ರೆಫ್ಯೂಸ್ಡ್ ಬಂದರೆ ನೇರ ಸರ್ವರಿನ ಒಳಗೆ ಹೋಗಿ.

ಪೋರ್ಟ್ ಪರೀಕ್ಷಿಸಲು ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಲಿನಕ್ಸ್‌ನಲ್ಲಿ ನೆಟ್‌ಕ್ಯಾಟ್ ಇವೆ. ಎರಡಕ್ಕೂ ಹೆಸರು ಮತ್ತು ಪೋರ್ಟ್ ಸಂಖ್ಯೆ ಕೊಟ್ಟರೆ ಸಾಕು. ಎಚ್‌ಟಿಟಿಪಿಎಸ್‌ಗೆ 443, ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ಮೇಲ್ ಕಳಿಸಲು 587. ಹಳೆಯ 25ನೇ ಪೋರ್ಟನ್ನು ಸ್ಪ್ಯಾಮ್ ತಡೆಯಲು ಬಹಳಷ್ಟು ಇಂಟರ್ನೆಟ್ ಕಂಪನಿಗಳು ಮುಚ್ಚಿರುತ್ತವೆ, ಮೇಲ್ ಪ್ರೋಗ್ರಾಂ ಟೈಮ್ ಔಟ್ ಆಗುತ್ತಿದ್ದರೆ ಅದನ್ನು ಮೊದಲು ನೋಡಿ. ಯುಡಿಪಿ ಪೋರ್ಟಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಕನೆಕ್ಷನ್ ಎಂಬುದೇ ಇಲ್ಲದ್ದರಿಂದ ಮೌನಕ್ಕೆ ‘ತೆರೆದಿದೆ’ ಎಂಬ ಅರ್ಥವೂ ಇರಬಹುದು, ‘ಮುಚ್ಚಿದೆ’ ಎಂಬ ಅರ್ಥವೂ ಇರಬಹುದು.

ಸರ್ವರಿನ ಒಳಗೆ ಹೋದ ಮೇಲೆ ಪ್ರೋಗ್ರಾಂ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ ನೋಡಿ. ಲಿನಕ್ಸ್‌ನ ಎಸ್‌ಎಸ್ ಕಮಾಂಡ್, ವಿಂಡೋಸ್‌ನ ನೆಟ್‌ಸ್ಟ್ಯಾಟ್ ಇದನ್ನು ತೋರಿಸುತ್ತವೆ. ಪಟ್ಟಿಯಲ್ಲಿ 127.0.0.1:8080 ಎಂದಿದ್ದರೆ ಆ ಯಂತ್ರದ ಒಳಗಿನಿಂದ ಮಾತ್ರ ಸಿಗುತ್ತದೆ, ಹೊರಗಿನವರಿಗೆ ರೆಫ್ಯೂಸ್ಡ್. 0.0.0.0:8080 ಎಂದಿದ್ದರೆ ಎಲ್ಲ ಕಡೆಯಿಂದ ಸಿಗುತ್ತದೆ. ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಕಂಟೇನರ್‌ಗೆ ಹಾಕಿದರೆ ಓಡುವುದಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇದೇ, ಯಾಕೆಂದರೆ ಕಂಟೇನರಿನ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಒಳಗಿನ ಲೋಕಲ್‌ಹೋಸ್ಟ್ (‘ಈ ಯಂತ್ರವೇ’ ಎಂಬ ಹೆಸರು) ಎಂದರೆ ಆ ಕಂಟೇನರ್ ಮಾತ್ರ. ಲೋಕಲ್‌ಹೋಸ್ಟ್ ಎಂಬ ಹೆಸರಿನಲ್ಲೇ ಇನ್ನೊಂದು ಮುಳ್ಳಿದೆ. ಅದು ಮೊದಲು ಐಪಿವಿ6ನ (ಹೊಸ ಬಗೆಯ ಐಪಿ) ::1 ವಿಳಾಸ ಕೊಟ್ಟು, ಪ್ರೋಗ್ರಾಂ ಐಪಿವಿ4ನ (ಹಳೆಯ ಬಗೆಯ ಐಪಿ) 127.0.0.1ರಲ್ಲಿ ಮಾತ್ರ ಕೂತಿದ್ದರೆ ರೆಫ್ಯೂಸ್ಡ್. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ತನ್ನ 17ನೇ ಆವೃತ್ತಿಯಲ್ಲಿ ಐಪಿವಿ4ನ್ನು ಮುಂದಕ್ಕೆ ತರುವ ಹಳೆಯ ಪದ್ಧತಿ ಬಿಟ್ಟಾಗ ಎಷ್ಟೋ ಪ್ರಾಜೆಕ್ಟುಗಳು ಹೀಗೆ ಎಡವಿದವು. ಹೆಸರಿನ ಬದಲು ಸಂಖ್ಯೆಯನ್ನೇ ಬರೆದರೆ ಮುಗಿಯಿತು.

ಐಪಿವಿ6 ಅರೆಬರೆ ಇರುವ ನೆಟ್‌ವರ್ಕುಗಳಲ್ಲೂ ಇಂಥದೇ ಆಟ. ಬ್ರೌಸರುಗಳು ಐಪಿವಿ6ಗೆ 250 ಮಿಲಿಸೆಕೆಂಡಿನ ಆಸುಪಾಸು ಕಾಲಾವಕಾಶ ಕೊಟ್ಟು, ಉತ್ತರ ಬರದಿದ್ದರೆ ಐಪಿವಿ4ನಲ್ಲೂ ಪ್ರಯತ್ನಿಸುತ್ತವೆ, ಹಾಗಾಗಿ ತೊಂದರೆ ಕಾಣುವುದೇ ಇಲ್ಲ. ಅಷ್ಟು ಜಾಣತನವಿಲ್ಲದ ಪ್ರೋಗ್ರಾಂ ನಿಮಿಷಗಟ್ಟಲೆ ನಿಲ್ಲುತ್ತದೆ. ವಿಳಾಸ ಕೊಟ್ಟರೆ ಪುಟ ತರುವ ಕರ್ಲ್ ಕಮಾಂಡಿಗೆ -4 ಕೊಟ್ಟು ಒಮ್ಮೆ, -6 ಕೊಟ್ಟು ಒಮ್ಮೆ ಓಡಿಸಿದರೆ ಯಾವ ಕಾಲು ಕುಂಟುತ್ತಿದೆ ಎಂದು ತಿಳಿಯುತ್ತದೆ.

‘ಕನೆಕ್ಷನ್ ರೀಸೆಟ್’ ಮೂರನೆಯ ಜಾತಿ. ಇಲ್ಲಿ ಆಗಲೇ ಕೂಡಿದ ಸಂಪರ್ಕವನ್ನು ಯಾರೋ ನಡುವೆ ಕಡಿದಿದ್ದಾರೆ: ಸರ್ವರ್ ಪ್ರೋಗ್ರಾಂ ಕ್ರ್ಯಾಶ್ ಆಗಿರಬಹುದು, ಅಥವಾ ದಾರಿಯ ಫೈರ್‌ವಾಲಿಗೆ ಒಳಗಿನ ವಿಷಯ ಹಿಡಿಸಿರಲಿಕ್ಕಿಲ್ಲ. ಸರ್ವರಿನ ಲಾಗ್‌ನಲ್ಲಿ ಅದೇ ಸೆಕೆಂಡಿಗೆ ಏನಾದರೂ ಇದೆಯೇ ನೋಡಿ; ಏನೂ ಇಲ್ಲದಿದ್ದರೆ ಕಡಿದವರು ನಡುವಿನವರು.

ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ

ಲಾಗಿನ್ ಆಗುತ್ತದೆ, ಚಿಕ್ಕ ಪುಟಗಳು ಬರುತ್ತವೆ, ಫೈಲ್ ಅಪ್‌ಲೋಡ್ ಮಾಡಿದರೆ ನಿಂತುಬಿಡುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಪ್ರಾಂಪ್ಟ್ ಬರುತ್ತದೆ, ದೊಡ್ಡ ಫೈಲ್ ತೋರಿಸಲು ಹೇಳಿದೊಡನೆ ಹೆಪ್ಪುಗಟ್ಟುತ್ತದೆ. ವಿಪಿಎನ್ ಹಾಕಿದಾಗ ಮಾತ್ರ ಹೀಗಾಗುತ್ತಿದ್ದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತೊಂದರೆ ಎಂದೇ ಹಿಡಿದುಕೊಂಡು ಶುರುಮಾಡಬಹುದು. ಎಲ್ಲ ಪರೀಕ್ಷೆಗಳೂ ಚಿಕ್ಕ ಪ್ಯಾಕೆಟ್ ಕಳಿಸುವುದರಿಂದ ಎಲ್ಲವೂ ಸರಿ ಎಂದೇ ತೋರಿಸುತ್ತವೆ, ಅದಕ್ಕೇ ಇದು ಬಹಳ ಸತಾಯಿಸುತ್ತದೆ.

ಈಥರ್ನೆಟ್ ಮೇಲೆ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್. ಕೆಲವು ಬ್ರಾಡ್‌ಬ್ಯಾಂಡ್‌ಗಳು ಬಳಸುವ ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ಹೆಡರಿಗೆ ಹೋಗಿ 1492 ಉಳಿಯುತ್ತದೆ. ವೈರ್‌ಗಾರ್ಡ್ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಪ್ಯಾಕೆಟ್ ದೊಡ್ಡದಾದರೆ ದಾರಿಯ ರೂಟರ್ ‘ಚಿಕ್ಕದು ಮಾಡಿ ಕಳಿಸು’ ಎಂದು ಐಸಿಎಂಪಿ ಮೂಲಕ ಹೇಳಬೇಕು. ಭದ್ರತೆಯ ಹೆಸರಿನಲ್ಲಿ ಯಾರೋ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರೆ ಆ ಮಾತು ಕಳಿಸಿದವರಿಗೆ ತಲುಪುವುದೇ ಇಲ್ಲ. ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಹೋಗಿ ಮತ್ತೆ ಮತ್ತೆ ಮಾಯವಾಗುತ್ತದೆ. ಐಸಿಎಂಪಿ ಪೂರ್ತಿ ಮುಚ್ಚುವುದರಿಂದ ಸಿಗುವ ಭದ್ರತೆಗಿಂತ ಆಗುವ ಕಾಟವೇ ಹೆಚ್ಚು.

ಅಳೆಯುವುದು ಹೀಗೆ: ವಿಂಡೋಸ್ ಪಿಂಗ್‌ನಲ್ಲಿ ಎಫ್ ಆಯ್ಕೆ ಪ್ಯಾಕೆಟ್ ಒಡೆಯಬೇಡ ಎನ್ನುತ್ತದೆ, ಎಲ್ ಆಯ್ಕೆ ಗಾತ್ರ ಹೇಳುತ್ತದೆ. 1472 ಕೊಟ್ಟು ನೋಡಿ. ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಸೇರಿ 1500 ಆಗುತ್ತದೆ. ಅದು ಹೋಗದೆ 1464 ಹೋದರೆ ನಿಮ್ಮ ದಾರಿಯ ಎಂಟಿಯು 1492. ಹೋಗುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ ಬಂದದ್ದನ್ನು ರೂಟರಿನಲ್ಲೋ ವಿಪಿಎನ್ ಸೆಟ್ಟಿಂಗಿನಲ್ಲೋ ಹಾಕಿ. ರೂಟರಿನಲ್ಲಿ ಪ್ಯಾಕೆಟ್ ಗಾತ್ರವನ್ನು ತಾನೇ ಮಿತಿಗೊಳಿಸುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಇದ್ದರೆ ಅದು ಇನ್ನೂ ಒಳ್ಳೆಯದು, ಒಳಗಿನ ಡಿವೈಸುಗಳನ್ನು ಒಂದೊಂದಾಗಿ ಮುಟ್ಟಬೇಕಿಲ್ಲ.

ಸರ್ಟಿಫಿಕೇಟ್ ಮತ್ತು ಗಡಿಯಾರ

ಸರ್ಟಿಫಿಕೇಟ್ ಎರರ್ ಬಂದಾಗ ಮೊದಲು ನೋಡಬೇಕಾದ್ದು ಕಂಪ್ಯೂಟರಿನ ದಿನಾಂಕ. ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಸತ್ತ ಯಂತ್ರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ಆಗ ಪ್ರತಿ ಸೈಟಿನ ಸರ್ಟಿಫಿಕೇಟೂ ‘ಇನ್ನೂ ಜಾರಿಗೆ ಬಂದಿಲ್ಲ’. ಲಾಗಿನ್‌ನ ಎರಡನೇ ಹಂತಕ್ಕೆ ಆ್ಯಪ್ ಕೊಡುವ ಆರಂಕಿ ಕೋಡ್ ಸತತವಾಗಿ ತಪ್ಪು ಎಂದು ಬರುತ್ತಿದ್ದರೂ ಗಡಿಯಾರವನ್ನೇ ನೋಡಿ. ಆ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ.

ದಿನಾಂಕ ಸರಿಯಿದ್ದೂ ಹಳೆಯ ಡಿವೈಸಿನಲ್ಲಿ ಮಾತ್ರ ಎರರ್ ಬಂದರೆ ಅದರ ರೂಟ್ ಸರ್ಟಿಫಿಕೇಟುಗಳ (ಉಳಿದವನ್ನು ನಂಬಲು ಆಧಾರವಾದ ಮೂಲ ಸರ್ಟಿಫಿಕೇಟುಗಳು) ಪಟ್ಟಿ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಹಳೆಯ ರೂಟ್ ಒಂದರ ಅವಧಿ ಮುಗಿದಾಗ, ಸರ್ಟಿಫಿಕೇಟ್ ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್‌ನ ಹಳೆಯ 1.0.2 ಆವೃತ್ತಿ ಇದ್ದ ಸರ್ವರುಗಳು ಚೆನ್ನಾಗಿಯೇ ಇದ್ದ ಸೈಟುಗಳನ್ನೂ ಒಪ್ಪಲಿಲ್ಲ. ಬ್ರೌಸರಿಗೆ ಸರಿ ಕಂಡು ಪೈಥಾನ್, ಜಾವಾ, ನೋಡ್ ಪ್ರೋಗ್ರಾಮುಗಳಿಗೆ ಮಾತ್ರ ಸರಿಬರದಿರುವುದಕ್ಕೂ ಇಂಥದೇ ಕಾರಣ: ಅವು ಹೆಚ್ಚಾಗಿ ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತವೆ. ಆಫೀಸಿನ ಫೈರ್‌ವಾಲ್ ಅಥವಾ ಆ್ಯಂಟಿವೈರಸ್ ನಡುವೆ ನಿಂತು ತನ್ನ ಸರ್ಟಿಫಿಕೇಟ್ ತೂರಿಸಿದಾಗ ಸಿಸ್ಟಂ ಅದನ್ನು ನಂಬುತ್ತದೆ, ಪೈಥಾನ್ ನಂಬುವುದಿಲ್ಲ. ಮಾಡಬೇಕಾದ್ದು ಆ ರೂಟನ್ನು ಆ ಪ್ರೋಗ್ರಾಮಿನ ಪಟ್ಟಿಗೆ ಸೇರಿಸುವುದು. ವೆರಿಫೈ ಮಾಡುವುದನ್ನೇ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಪಾಲಿಸಬೇಡಿ; ಒಮ್ಮೆ ಆಫ್ ಆದದ್ದನ್ನು ಯಾರೂ ಮತ್ತೆ ಆನ್ ಮಾಡುವುದಿಲ್ಲ.

ಉತ್ತರ ಬಂದಿದೆ, ಬೇಕಾದದ್ದಲ್ಲ

ಮೂರಂಕಿ ಸಂಖ್ಯೆಯ ಎರರ್ ಕಂಡರೆ ಕೇಬಲ್, ಡಿಎನ್‌ಎಸ್, ಪೋರ್ಟ್ ಎಲ್ಲ ದಾಟಿ ಯಾವುದೋ ಸರ್ವರಿನ ಜೊತೆ ಮಾತಾಗಿದೆ. ರೂಟರನ್ನು ಅದರ ಪಾಡಿಗೆ ಬಿಡಿ. 401 ಲಾಗಿನ್ ಕೇಳುತ್ತಿದೆ, 403 ಗುರುತು ಹಿಡಿದರೂ ಬಿಡುತ್ತಿಲ್ಲ, 407 ಎಂದರೆ ನಡುವಿನ ಪ್ರಾಕ್ಸಿ ಲಾಗಿನ್ ಕೇಳುತ್ತಿದೆ. 429 ಬಂದರೆ ಕೇಳಿದ್ದು ಜಾಸ್ತಿಯಾಯಿತು. ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಸುಮ್ಮನಿರಿ, ರಿಫ್ರೆಶ್ ಒತ್ತಿದಷ್ಟೂ ಕಾಯುವ ಹೊತ್ತು ಬೆಳೆಯಬಹುದು.

502 ಮತ್ತು 504 ಎರಡರಲ್ಲೂ ಮುಂದೆ ನಿಂತು ನಿಮ್ಮ ಕೋರಿಕೆ ತೆಗೆದುಕೊಳ್ಳುವ ಸರ್ವರ್ ಸರಿಯಿದ್ದು, ಅದರ ಹಿಂದೆ ನಿಜವಾದ ಕೆಲಸ ಮಾಡುವ ಸರ್ವರ್ ಕೈಕೊಟ್ಟಿರುತ್ತದೆ. 502 ಬಂದರೆ ಹಿಂದಿನದು ಸತ್ತಿದೆ ಅಥವಾ ಅಸಂಬದ್ಧ ಉತ್ತರ ಕೊಟ್ಟಿದೆ. 504 ಬಂದರೆ ಹೊತ್ತಿಗೆ ಸರಿಯಾಗಿ ಉತ್ತರಿಸಿಲ್ಲ. ಎರರ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಅಳೆಯಿರಿ. ಪ್ರತಿಸಲ ಸರಿಯಾಗಿ 60 ಸೆಕೆಂಡಿಗೆ ಬಂದರೆ ಅದು ಬಹುಶಃ ಮುಂದೆ ನಿಂತ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಮಿನ ಡೀಫಾಲ್ಟ್ ಮಿತಿ. ಹಿಂದಿನ ಕೆಲಸ ಇನ್ನೂ ನಡೆಯುತ್ತಲೇ ಇರಬಹುದು, ಮುಂದಿನವನು ಕಾಯುವುದು ಬಿಟ್ಟಿದ್ದಾನೆ.

ಸುಮ್ಮನಿದ್ದರೆ ಕಡಿಯುವುದು

ಐದು ನಿಮಿಷ ಟೈಪ್ ಮಾಡದಿದ್ದರೆ ಸೆಷನ್ ಸಾಯುವುದು, ಡೇಟಾಬೇಸ್ ಕನೆಕ್ಷನ್ ರಾತ್ರಿ ಬಿಟ್ಟು ಬೆಳಗ್ಗೆ ಮುಟ್ಟಿದರೆ ಎರರ್ ಬರುವುದು, ಇವೆಲ್ಲ ಹೆಚ್ಚಾಗಿ ನಡುವಿನ ರೂಟರಿನ ಮರೆವಿನಿಂದ. ನ್ಯಾಟ್ ಮಾಡುವ (ಒಂದೇ ಪಬ್ಲಿಕ್ ವಿಳಾಸವನ್ನು ಒಳಗಿನ ಹಲವರಿಗೆ ಹಂಚುವ) ಪ್ರತಿ ಡಿವೈಸೂ ಕನೆಕ್ಷನ್‌ಗಳ ಪಟ್ಟಿ ಇಟ್ಟುಕೊಂಡು, ಕೆಲಹೊತ್ತು ಪ್ಯಾಕೆಟ್ ಓಡಾಡದವನ್ನು ಕಿತ್ತುಹಾಕುತ್ತದೆ. ಸುಮ್ಮನಿರುವ ಸಂಪರ್ಕವನ್ನು ಜೀವಂತವಿಡಲು ಕಳಿಸುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಡೀಫಾಲ್ಟ್ ಆಗಿ ಶುರುವಾಗುವುದು 7200 ಸೆಕೆಂಡಿಗೆ, ಅಂದರೆ ಎರಡು ತಾಸಿಗೆ. ಅಷ್ಟರೊಳಗೆ ಪಟ್ಟಿಯಿಂದ ಹೆಸರು ಹೋಗಿರಬಹುದು. ಎಸ್‌ಎಸ್‌ಎಚ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 60 ಎಂದಿಡಿ. ವೈರ್‌ಗಾರ್ಡ್‌ನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್‌ಗೆ 25 ಸೆಕೆಂಡ್ ಸಾಕು.

ವಿಪಿಎನ್ ಕೂಡಿಕೊಂಡರೂ ಒಳಗಿನ ಯಂತ್ರ ಸಿಗುತ್ತಿಲ್ಲ ಎಂದಾದರೆ ಎರಡೂ ಕಡೆಯ ಸಬ್‌ನೆಟ್ (ಒಳಗಿನ ಐಪಿ ವಿಳಾಸಗಳ ಸಾಲು) ಹೋಲಿಸಿ. ನಿಮ್ಮ ಮನೆಯೂ 192.168.1, ಆಫೀಸೂ 192.168.1 ಆಗಿದ್ದರೆ ಕಂಪ್ಯೂಟರ್ ಆಫೀಸಿನ ಯಂತ್ರವನ್ನು ಮನೆಯೊಳಗೇ ಹುಡುಕುತ್ತದೆ. ಮನೆಯ ರೂಟರಿನ ಸಾಲನ್ನು ಬೇರೆ ಮಾಡುವುದು ಹತ್ತು ನಿಮಿಷದ ಕೆಲಸ. ಹೊರಗಿನಿಂದ ಮನೆಯ ಸರ್ವರ್ ತಲುಪಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವುದು) ಮಾಡಿಯೂ ಆಗದಿದ್ದರೆ ರೂಟರಿನ ವ್ಯಾನ್ (ಹೊರಬದಿಯ) ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚಿದೆ, ನಿಮ್ಮ ರೂಟರಿನಲ್ಲಿ ಏನು ಮಾಡಿದರೂ ನಡೆಯುವುದಿಲ್ಲ. ಪಬ್ಲಿಕ್ ಐಪಿ ಕೇಳಬೇಕು, ಇಲ್ಲವೇ ಒಳಗಿನಿಂದ ಹೊರಕ್ಕೆ ಟನಲ್ ಹಾಕಬೇಕು.

ದೂರು ಬರೆಯುವಾಗ

ತೊಂದರೆ ಸರ್ವಿಸ್ ಕಡೆಯದೇ ಎಂದು ಖಚಿತವಾದಾಗ ‘ಕನೆಕ್ಟ್ ಆಗ್ತಿಲ್ಲ, ಬೇಗ ನೋಡಿ’ ಎಂದು ಕಳಿಸಿದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರವೇ ಬರುತ್ತದೆ. ಎರರಿನ ಪೂರ್ತಿ ಸಾಲು, ಟೈಮ್ ಝೋನ್ ಸಮೇತ ಗಂಟೆ ನಿಮಿಷ, ನಿಮ್ಮ ಪಬ್ಲಿಕ್ ಐಪಿ, ಆ ಹೊತ್ತಿಗೆ ಹೆಸರಿಗೆ ಸಿಕ್ಕ ಐಪಿ, ಬೇರೆ ನೆಟ್‌ವರ್ಕಿನಿಂದ ಏನಾಯಿತು ಎಂಬುದು, ಪುಟದಲ್ಲಿ ರಿಕ್ವೆಸ್ಟ್ ಐಡಿ ಇದ್ದರೆ ಅದು, ಇಷ್ಟನ್ನು ಬರೆಯಿರಿ. ರಿಕ್ವೆಸ್ಟ್ ಐಡಿ ಇದ್ದರೆ ಅವರು ಲಾಗ್‌ನಲ್ಲಿ ನೇರ ಅದೇ ಸಾಲಿಗೆ ಹೋಗಬಲ್ಲರು. ಎರರನ್ನು ಟೆಕ್ಸ್ಟ್ ಆಗಿಯೇ ಅಂಟಿಸಿ. ಸ್ಕ್ರೀನ್‌ಶಾಟಿನೊಳಗಿನ ಅಕ್ಷರಗಳನ್ನು ಹುಡುಕಲು ಬರುವುದಿಲ್ಲ. ಕರ್ಲ್‌ನ ವಿವರವಾದ ಔಟ್‌ಪುಟ್ ಅಥವಾ ಬ್ರೌಸರಿನ ಹಾರ್ ಫೈಲ್ (ಕೋರಿಕೆ, ಉತ್ತರಗಳ ದಾಖಲೆ) ಲಗತ್ತಿಸುವ ಮುಂಚೆ ನಿಮ್ಮ ಲಾಗಿನ್ ಗುಟ್ಟು (ಟೋಕನ್) ಇರುವ ಆಥರೈಸೇಶನ್ ಮತ್ತು ಕುಕಿ ಎಂದಿರುವ ಸಾಲುಗಳನ್ನು ಅಳಿಸಿ. ಮರೆತು ಕಳಿಸಿದ್ದರೆ ಎಲ್ಲ ಕಡೆ ಲಾಗ್‌ಔಟ್ ಆಗಿ ಟೋಕನ್ ಬದಲಿಸಿಬಿಡಿ.